ಕರಿ ರಾಜನ ಪರ

ನನ್ನ ಓರಗಿತ್ತಿ ಬಸ್ ಓಡಿಸುತ್ತಾಳೆ. ನಡುವೆ ಮಡಚಿಕೊಳ್ಳುವ ಉದ್ದನೆಯ ಬಸ್ಸು, ಊರಿನ ಈ ತುದಿಯಿಂದ ಆ ತುದಿಗೆ. ಓಡಿಸಲಿ, ನನಗೇನು? ಅವಳು ಸ್ಟೀರಿಂಗ್ ಹಿಡಿದರೆ ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಅವಳು ನಮ್ಮ ಮಾವನ ಚದುರಂಗದ ಹಲಗೆಯ ಮುಂದೆ, ನನ್ನ ಕುರ್ಚಿಯಲ್ಲಿ ಹೋಗಿ ಕೂತಳಲ್ಲ, ಅವತ್ತಿನಿಂದ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಮುಚ್ಚಿಡಲು ನನಗೆ ಬರುವುದೂ ಇಲ್ಲ. ನನಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುವುದು ಅಡುಗೆಮನೆಯ ಪಾತ್ರೆಗಳಿಗೆ, ಆಮೇಲೆ ನನ್ನ ಗಂಡನಿಗೆ.

ಮನೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕೆಳಗೆ ನಮ್ಮ ಅಂಗಡಿ, ಫೋಟೋಗಳಿಗೂ ಚಿತ್ರಗಳಿಗೂ ಕಟ್ಟು ಹಾಕುವ ಅಂಗಡಿ. ಮೇಲೆ ಎದುರುಬದುರಾಗಿ ಎರಡು ಮನೆ. ಒಂದರಲ್ಲಿ ನಾನು, ನನ್ನವರು, ಮಾವ. ಇನ್ನೊಂದರಲ್ಲಿ ನನ್ನ ಮೈದುನ, ಮತ್ತು ಹೋದ ವರ್ಷ ಅವನನ್ನು ಮದುವೆಯಾಗಿ ಬಂದ ಈ ಡ್ರೈವರಮ್ಮ. ನನ್ನವರು ಮರದ ಪಟ್ಟಿ ಕೊಯ್ಯುತ್ತಾರೆ, ಮೈದುನ ಮೂಲೆ ಸೇರಿಸಿ ಮೊಳೆ ಹೊಡೆಯುತ್ತಾನೆ, ನಾನು ಗಾಜು ಕತ್ತರಿಸುತ್ತೇನೆ. ಅಂಗಡಿ ಕಟ್ಟಿ ಬೆಳೆಸಿದವರು ಮಾವ. ಈಗ ಅವರಿಗೆ ಕಣ್ಣಿನ ನಡುಭಾಗ ಮಸುಕಾಗಿದೆ. ಅಂಚಿನಲ್ಲಿರುವುದು ಕಾಣುತ್ತದೆ, ನೇರ ಎದುರಿಗಿರುವುದು ಕಾಣುವುದಿಲ್ಲ. ಹಾಗಾಗಿ ನಿಮ್ಮನ್ನು ನೋಡಬೇಕೆಂದರೆ ನಿಮ್ಮ ಕಿವಿಯ ಪಕ್ಕಕ್ಕೆ ನೋಡುತ್ತಾರೆ. ಹೊಸ ಗಿರಾಕಿಗಳು ಹಿಂದೆ ಇನ್ಯಾರೋ ನಿಂತಿದ್ದಾರೆಂದು ತಿರುಗಿ ನೋಡುವುದುಂಟು.

ಕಣ್ಣು ಮಂಜಾದರೂ ಮಾವನ ಆಟದ ಹುಚ್ಚು ಇಳಿಯಲಿಲ್ಲ. ಅವರು ಈಗ ಯಾರ ಮೇಲೂ ಆಡುವುದಿಲ್ಲ, ಪಂದ್ಯ ಬಿಚ್ಚುತ್ತಾರೆ. ಹಾಗೆಂದರೆ ಹಿಂದಿನ ಕಾಲದ ದೊಡ್ಡ ಆಟಗಾರರ ಪಂದ್ಯವೊಂದನ್ನು ತೆಗೆದುಕೊಂಡು, ಒಂದೊಂದೇ ನಡೆಯಾಗಿ, ಇದನ್ನು ಯಾಕೆ ಆಡಿದ, ಬೇರೆ ಆಡಿದ್ದರೆ ಏನಾಗುತ್ತಿತ್ತು ಎಂದು ನೋಡುವುದು. ಮಾವ ಬಾಯಲ್ಲಿ ಹೇಳುತ್ತಾರೆ, ಎದುರಿಗೆ ಕೂತವರು ಕಾಯಿ ಸರಿಸಬೇಕು. ಹಾಗೆ ಕೂತವರನ್ನು ನಮ್ಮ ಮನೆಯಲ್ಲಿ ‘ಕೈ’ ಎನ್ನುತ್ತೇವೆ. ಕೈ ಎಂದಮೇಲೆ ಒಂದು ಕಟ್ಟಳೆ ಇದೆ. ಪಂದ್ಯದಲ್ಲಿ ಗೆದ್ದವನ ಪರ ಮಾವ ವಾದಿಸುತ್ತಾರೆ, ಸೋತವನ ಪರ ಕೈ ವಾದಿಸಬೇಕು. ಮಾವನ ದೃಷ್ಟಿ ಕೈಕೊಟ್ಟಾಗಿನಿಂದ ಆ ಕೈ ನಾನೇ.

ಮನೆಯಲ್ಲಿ ಮಾತ್ರ ಅಲ್ಲ. ಊರಿನ ಚೆಸ್ ಸಂಘದವರು ವರ್ಷಕ್ಕೊಮ್ಮೆ ಮಾವನನ್ನು ಕರೆಸಿ, ತುಂಬಿದ ಸಭೆಯಲ್ಲಿ ಒಂದು ಪಂದ್ಯ ಬಿಚ್ಚಿಸುತ್ತಾರೆ. ವೇದಿಕೆಯ ಗೋಡೆಗೆ ಆಳೆತ್ತರದ ಹಲಗೆ ನೇತುಹಾಕಿರುತ್ತಾರೆ. ಅದರಲ್ಲಿ ಮನೆಮನೆಗೂ ಒಂದು ಕೊಕ್ಕೆ, ಕೊಕ್ಕೆಗೆ ಸಿಕ್ಕಿಸುವ ತಟ್ಟೆಯಂಥ ಕಾಯಿಗಳು. ಮಾವ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಹೇಳುತ್ತಾರೆ, ನಾನು ಉದ್ದ ಕೋಲಿನಲ್ಲಿ ಕಾಯಿ ಎತ್ತಿ ಸಿಕ್ಕಿಸುತ್ತೇನೆ. ವರ್ಷವಿಡೀ ಗಾಜಿನ ಚೂರು ಆರಿಸುವ ಕೈಯನ್ನು ಅವತ್ತೊಂದು ದಿನ ಇಡೀ ಸಭೆ ಕಣ್ಣು ಮಿಟುಕಿಸದೆ ನೋಡುತ್ತದೆ. ಮುಗಿದಮೇಲೆ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲು ಇಳಿಯುತ್ತಾರೆ. ಅದಕ್ಕಾಗಿ ನಾನು ಹೊಸ ಸೀರೆಯನ್ನೇ ಎತ್ತಿಟ್ಟುಕೊಳ್ಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಈ ವರ್ಷ ಮಾವ ಆರಿಸಿಕೊಂಡದ್ದು ಅವರಿಗೆ ಪ್ರಾಣವಾದ ಪಂದ್ಯ. ನಮ್ಮ ಮನೆಯಲ್ಲಿ ಅದನ್ನು ‘ಆನೆ ಕೊಟ್ಟ ಪಂದ್ಯ’ ಎನ್ನುತ್ತೇವೆ. ಬಿಳಿ ಆಟಗಾರ ಸುಮ್ಮನೆ ಆಡುತ್ತಾ ಆಡುತ್ತಾ, ಇದ್ದಕ್ಕಿದ್ದಂತೆ ತನ್ನ ಆನೆಯನ್ನು ಒಯ್ದು ಕರಿ ರಾಜನ ಮನೆಬಾಗಿಲಲ್ಲಿರುವ ಅಂಚಿನ ಕಾಲಾಳನ್ನು ಹೊಡೆಯುತ್ತಾನೆ. ಆ ಆನೆಯನ್ನು ಪಕ್ಕದ ಕಾಲಾಳು ಪುಕ್ಕಟೆಯಾಗಿ ತಿನ್ನಬಹುದು. ಕರಿ ಆಟಗಾರ ತಿಂದ. ತಿಂದದ್ದೇ ತಡ, ಬಿಳಿ ಮಂತ್ರಿ ಆ ತೆರೆದ ಬಾಗಿಲಿನಲ್ಲಿ ನುಗ್ಗುತ್ತಾನೆ. ಮಂತ್ರಿಯ ಬೆನ್ನಿಗೆ ದೂರದಲ್ಲಿ ಒಂದು ಒಂಟೆ ಓರೆಯಾಗಿ ಗುರಿಯಿಟ್ಟು ನಿಂತಿರುತ್ತದೆ. ಕರಿ ರಾಜ ಮನೆ ಬಿಟ್ಟು ಬೀದಿಗೆ ಬೀಳುತ್ತಾನೆ, ಓಡಿ ಓಡಿ ಹಲಗೆಯ ನಡುವಿಗೆ ಬರುತ್ತಾನೆ, ಅಲ್ಲಿ ಒಂದು ಬಡ ಕಾಲಾಳು ಅವನ ಕಥೆ ಮುಗಿಸುತ್ತದೆ. ಆ ಕೊನೆಯ ನಡೆ ಹೇಳುವಾಗ ಮಾವ ಪ್ರತಿ ಸಲವೂ ಕುರ್ಚಿಯಿಂದ ಅರ್ಧ ಏಳುತ್ತಾರೆ.

ಒಂದು ಸಂಜೆ ನಾವಿಬ್ಬರೂ ಅದನ್ನೇ ಬಿಚ್ಚುತ್ತಿದ್ದೆವು. ನನಗೆ ಆ ಪಂದ್ಯ ಬಾಯಿಪಾಠ. ಮಾವ ಅರ್ಧ ಹೇಳುವಷ್ಟರಲ್ಲಿ ನನ್ನ ಕೈ ಕಾಯಿಯ ಮೇಲಿರುತ್ತದೆ. ವಯಸ್ಸಿನ ದೆಸೆಯಿಂದ ಮಾವ ಒಮ್ಮೊಮ್ಮೆ ಒಂದು ಮನೆ ಹೇಳುವ ಬದಲು ಇನ್ನೊಂದು ಹೇಳುತ್ತಾರೆ. ನಾನು ಅದನ್ನು ಕಿವಿಗೆ ಹಾಕಿಕೊಳ್ಳದೆ ಕಾಯಿಯನ್ನು ಅದರ ಸರಿಯಾದ ಜಾಗದಲ್ಲಿ ಇಟ್ಟುಬಿಡುತ್ತೇನೆ. ಸಭೆಯಲ್ಲೂ ಅಷ್ಟೇ. ಹಿರಿಯರ ಮರ್ಯಾದೆ ಉಳಿಸುವುದು ಸೊಸೆಯಾದವಳ ಕೆಲಸ, ಅದಕ್ಕೆ ನನಗೆ ಯಾರ ಶಾಭಾಸ್‌ಗಿರಿಯೂ ಬೇಕಿರಲಿಲ್ಲ. ಅವತ್ತು ಡ್ರೈವರಮ್ಮ ಪಾಳಿ ಮುಗಿಸಿ ಬಂದವಳು ನಮ್ಮ ಬಾಗಿಲಲ್ಲೇ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಳು. ಮಾವ “ಕುದುರೆ, ಮಂತ್ರಿಯ ಎಡಕ್ಕೆ” ಎಂದರು. ನಾನು ಬಲಕ್ಕೆ ಇಟ್ಟೆ, ಇರಬೇಕಾದದ್ದು ಅಲ್ಲೇ.

“ಮಾವ, ನೀವು ಎಡಕ್ಕೆ ಅಂದ್ರಿ, ಅಕ್ಕ ಬಲಕ್ಕೆ ಇಟ್ರು” ಎಂದಳು ಅವಳು.

ಕೇಳಿದವರ್ಯಾರು ಇವಳನ್ನು? ಬಂದ ಹೊಸದರಲ್ಲೇ ಎಲ್ಲದರಲ್ಲೂ ಮೂಗು ತೂರಿಸುವುದು. ಬಸ್ಸಿನ ಮೂರು ಕನ್ನಡಿ ನೋಡಿ ನೋಡಿ ಅಭ್ಯಾಸ, ಏನೂ ಇವಳ ಕಣ್ಣು ತಪ್ಪುವುದಿಲ್ಲ.

ಮಾವ ಬೆರಳಿನಿಂದ ಕುದುರೆಯನ್ನು ತಡವಿ ನೋಡಿದರು. “ಹೌದಾ?” ಎಂದರು. “ಎಡಕ್ಕೆ ಅಂದ್ನಾ ನಾನು?”

“ಹೂಂ. ಮತ್ತೆ ಇನ್ನೊಂದು ಕೇಳ್ಲಾ? ಆ ಆನೇನ ಅವನು ಯಾಕೆ ತಗೊಂಡ? ಪುಕ್ಕಟೆ ಸಿಕ್ತು ಅಂತ ತಗೊಳ್ಳೋದಾ? ನನ್ನ ರೂಟಲ್ಲಿ ಯಾರಾದ್ರೂ ಸುಮ್ಸುಮ್ನೆ ದಾರಿ ಬಿಟ್ಕೊಟ್ರೆ ನಂಗೆ ಮೊದಲು ಅನುಮಾನ ಬರುತ್ತೆ.”

ನಾನು ಅವಳನ್ನು ದುರುಗುಟ್ಟಿ ನೋಡಿದೆ. ಮಾವ ಮಾತ್ರ ಅವಳ ಕಿವಿಯ ಪಕ್ಕಕ್ಕೆ ನೋಡಿದರು. ಅವರ ಮುಖ ನೋಡಬೇಕಿತ್ತು. ನಾನು ಇಷ್ಟು ವರ್ಷ ಚಹಾ ಕೊಟ್ಟು, ಔಷಧ ಹಾಕಿ, ಕಾಯಿ ಸರಿಸಿ ಕಾಣದಿದ್ದ ಬೆಳಕು ಆ ಮುಖದಲ್ಲಿ.

“ಬೂಟು ಬಿಚ್ಚಿ ಆಯ್ತಾ? ಇಲ್ಲಿ ಬಾ, ಕೂತ್ಕೋ” ಎಂದರು. ಕೋಣೆಯಲ್ಲಿ ಇದ್ದದ್ದು ಎರಡೇ ಕುರ್ಚಿ. ನಾನು ಎದ್ದೆ. ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಹೇಳಿ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಮೊದಮೊದಲು ಮಾವ “ಅವಳು ಬಂದ್ಲಾ?” ಎನ್ನುತ್ತಿದ್ದರು. ಆಮೇಲೆ ಮೆಟ್ಟಿಲಿನಲ್ಲಿ ಬೂಟಿನ ಸದ್ದು ಕೇಳಿದರೆ ಸಾಕು, ತಾವೇ ತಡವಿಕೊಂಡು ಕಾಯಿಗಳನ್ನು ಜೋಡಿಸಲು ಶುರುಮಾಡುತ್ತಿದ್ದರು. ಒಳಗಿನಿಂದ ಜಗಳ ಕೇಳುತ್ತಿತ್ತು. “ಅದಾಗಲ್ಲ ಮಾವ!” “ಯಾಕಾಗಲ್ಲ?” “ಆಗಲ್ಲ ಅಂದ್ರೆ ಆಗಲ್ಲ!” ಆಮೇಲೆ ಇಬ್ಬರ ನಗು. ಮಾವನ ಜೊತೆ ಹಾಗೆ ಗಂಟಲೇರಿಸಿ ಮಾತಾಡುವುದು! ನಾನು ಹಾಗೆ ಮಾತಾಡಿದ್ದರೆ ಊರೆಲ್ಲ ಏನೆನ್ನುತ್ತಿತ್ತು? ಮನೆಯಲ್ಲಿ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡರು. ಅವಳೋ ಬ್ರೆಡ್ಡು ತಿಂದ ಕೈಯಲ್ಲೇ ಕಾಯಿ ಮುಟ್ಟುತ್ತಾಳೆ, ಬಿಳಿ ಮಂತ್ರಿಯ ತಲೆಗೆ ಮೆತ್ತಿದ್ದ ಜಾಮನ್ನು ನಾನು ಬೆಳಿಗ್ಗೆ ಒರೆಸಿದ್ದೇನೆ.

ಅಂಗಡಿಯ ಕೆಲಸ ಹದಗೆಟ್ಟಿತು. ಗಾಜಿಗೆ ವಜ್ರದ ಮೊನೆ ಎಳೆಯುವಾಗ ಮನಸ್ಸು ಸಮ ಇರಬೇಕು, ಇಲ್ಲದಿದ್ದರೆ ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ. ನನ್ನದು ದಿನಾ ಸೀಳುತ್ತಿತ್ತು. ಒಬ್ಬರ ಮದುವೆಯ ಗುಂಪು ಫೋಟೋಕ್ಕೆ ಸುತ್ತ ಕೂರಿಸುವ ಬಿಳಿ ರಟ್ಟಿನ ಕಿಂಡಿಯನ್ನು ಎಷ್ಟು ಚಿಕ್ಕದಾಗಿ ಕತ್ತರಿಸಿಬಿಟ್ಟೆನೆಂದರೆ, ಅಂಚಿನಲ್ಲಿ ನಿಂತಿದ್ದ ಮದುಮಗನ ಭಾವ ಪೂರ್ತಿ ಮಾಯ. ಮದುಮಗ ಬಂದು ನೋಡಿ, “ಪರವಾಗಿಲ್ಲ, ಹೀಗೇ ಇರ್ಲಿ” ಎಂದು ಖುಷಿಯಾಗಿ ತೆಗೆದುಕೊಂಡು ಹೋದ. ನನಗೆ ನಗುವೂ ಬರಲಿಲ್ಲ.

“ನಿನಗೆ ಹೊಟ್ಟೆಕಿಚ್ಚು” ಎಂದರು ನನ್ನವರು, ಮರ ಕೊಯ್ಯುತ್ತಾ, ಹವಾಮಾನ ಹೇಳುವವರ ಹಾಗೆ.

“ಹೌದು. ಏನಿವಾಗ?”

“ಏನಿಲ್ಲ. ಇರ್ಲಿ ಅಂತ. ನನ್ನ ವಿಷಯದಲ್ಲಿ ಒಂದ್ಸಲನಾದ್ರೂ ಹಿಂಗೆ ಉರ್ಕೊಂಡಿದ್ದೀಯಾ ಅಂತ ಯೋಚನೆ ಮಾಡ್ತಿದ್ದೆ.”

“ನಿಮ್ಮನ್ನ ಯಾರು ಹೊತ್ಕೊಂಡು ಹೋಗ್ತಾರೆ, ಸುಮ್ನೆ ಕೊಯ್ರಿ.”

ಹೊತ್ತಿ ಉರಿಯುವ ನನಗೆ ಇನ್ನೊಂದು ಕಷ್ಟವೆಂದರೆ, ಡ್ರೈವರಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಸುಖವಾಗಿರುತ್ತಿತ್ತು! ಗಾಜು ಸೀಳಿ ನನ್ನ ಹೆಬ್ಬೆರಳು ಕುಯ್ದುಕೊಂಡ ದಿನ ಅವಳೇ ಡಿಪೋದ ಪೆಟ್ಟಿಗೆಯಿಂದ ಮುಲಾಮು, ಪಟ್ಟಿ ತಂದು ಮೆಟ್ಟಿಲ ಮೇಲೆ ಕೂರಿಸಿ ಸುತ್ತಿದಳು. ಸುತ್ತುತ್ತಾ, “ಅಕ್ಕ, ನಿಮಗೆ ಬೇಜಾರಾಗಿದೆ ಅಂತ ಗೊತ್ತು. ನಾಳೆಯಿಂದ ನೀವೇ ಕೂತ್ಕೊಳ್ಳಿ. ನಂಗೇನು, ಹೊತ್ತು ಕಳಿಬೇಕು ಅಷ್ಟೇ” ಎಂದಳು. ದಾನ ಕೊಡುತ್ತಿದ್ದಾಳೆ ನನಗೆ, ನನ್ನದೇ ಕುರ್ಚಿಯನ್ನು! ನಾನು ಬೆರಳು ಕಿತ್ತುಕೊಂಡು ಒಳಗೆ ಹೋದೆ.

ಕೊನೆಗೆ ಸಂಘದವರು ಬಂದು ಸಭೆಯ ದಿನ ಗೊತ್ತುಮಾಡಿದರು. ಚಹಾ ಕುಡಿದು ಹೊರಡುವಾಗ ಅವರಲ್ಲೊಬ್ಬರು ನನ್ನತ್ತ ನೋಡಿ, “ಎಂದಿನ ಹಾಗೆ ತಾವೇ ತಾನೇ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾವ, “ಈ ಸಲ ಚಿಕ್ಕ ಸೊಸೆ” ಎಂದುಬಿಟ್ಟರು.

ಅವರು ಹೋದಮೇಲೆ ನಾನು ಲೋಟಗಳನ್ನು ಎತ್ತಲಿಲ್ಲ. ಮಾವನ ಎದುರು ನಿಂತೆ. ನೇರವಾಗಿ ಕೇಳಿಬಿಟ್ಟೆ. “ಮಾವ, ನನ್ನಿಂದ ಏನು ತಪ್ಪಾಯ್ತು ಹೇಳಿ.”

“ಏನೂ ತಪ್ಪಾಗಿಲ್ಲಮ್ಮ.”

“ಮತ್ತೆ?”

“ತಪ್ಪೇ ಆಗ್ಲಿಲ್ವಲ್ಲ. ನಾನು ತಪ್ಪು ಹೇಳಿದ್ರೂ ತಪ್ಪಾಗ್ಲಿಲ್ಲ. ಅವತ್ತು ಅವಳು ಬಾಯಿ ಬಿಟ್ಟಮೇಲೆ ಗೊತ್ತಾಯ್ತು ನಂಗೆ, ಎಷ್ಟು ದಿನದಿಂದ ಹಿಂಗೆ ನಡೀತಿದೆಯೋ.” ಮಾವ ಹಲಗೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. “ನಾನು ಆನೆ ಕೊಟ್ಟೆ ಅನ್ನೋಷ್ಟರಲ್ಲಿ ನೀನು ತಗೊಂಡಿರ್ತೀಯ. ರಾಜ ಓಡ್ದ ಅನ್ನೋಷ್ಟರಲ್ಲಿ ಓಡಿಸಿರ್ತೀಯ. ಕರಿ ರಾಜನ ಪರ ಮಾತಾಡು ಅಂತ ನಿನ್ನ ಕೂರಿಸಿದ್ದು. ಪಾಪ, ಅವನ ಪರ ಈ ಮನೇಲಿ ಒಬ್ಬರೂ ಇರ್ಲಿಲ್ಲ.”

“ನೀವು ಗೆಲ್ಲಿ ಅಂತ ತಾನೇ ಮಾಡಿದ್ದು?”

“ಅದೇ. ನೀನು ನನ್ನ ಗೆಲ್ಲಿಸ್ತಿದ್ದೆ. ಅವಳು ನನ್ನ ಜೊತೆ ಆಡ್ತಾಳೆ.”

“ಗೆಲ್ಲಿಸೋದು ತಪ್ಪಾ ಮಾವ?”

“ತಪ್ಪು ಅಂದ್ನಾ ನಾನು? ಬೇಜಾರು, ಅಷ್ಟೇ” ಎಂದರು.

ಬೇಜಾರು! ತಪ್ಪು ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಇಷ್ಟು ವರ್ಷ ಸಂಜೆಸಂಜೆಯೂ ಎದುರು ಕೂತಿದ್ದು ಅವರಿಗೆ ಬೇಜಾರಾಗಿತ್ತು ಎಂದರೆ ಅದನ್ನು ಎಲ್ಲಿಟ್ಟುಕೊಳ್ಳಲಿ? ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆದೆ. ಒಂದೂ ಸದ್ದಾಗಲಿಲ್ಲ. ನನ್ನವರು ಹೆದರಿಕೊಂಡು ಅಡುಗೆಮನೆಗೆ ಇಣುಕಿ ನೋಡಿದರು.

ಮಾರನೆಯ ದಿನ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗಾಜು ಕತ್ತರಿಸುವ ಮೇಜಿನ ಮೇಲೆ ಹಳೆಯ ಹಲಗೆಯೊಂದನ್ನು ಹಾಸಿದೆ. ಆನೆ ಕೊಡುವ ಮುಂಚಿನ ನಿಲುವನ್ನು ಜೋಡಿಸಿದೆ. ಯಾವಾಗಲೂ ಬಿಳಿಯ ಕಡೆಯಿಂದ ನೋಡಿ ಅಭ್ಯಾಸ. ಅವತ್ತು ಸ್ಟೂಲನ್ನು ಎಳೆದುಕೊಂಡು ಹೋಗಿ ಕರಿ ರಾಜನ ಬೆನ್ನಿಗೆ ಕೂತೆ. ನನ್ನ ಉದ್ದೇಶ ಏನೂ ಒಳ್ಳೆಯದಾಗಿರಲಿಲ್ಲ. ಆ ಪಂದ್ಯ ಹಾಳಾಗಬೇಕಿತ್ತು ನನಗೆ. ತುಂಬಿದ ಸಭೆಯಲ್ಲಿ, ಡ್ರೈವರಮ್ಮ ಕೋಲು ಎತ್ತಿ ನಿಂತಿರುವಾಗ, ಈ ಆನೆ ಕೊಟ್ಟದ್ದೇ ದಡ್ಡತನ ಎಂದು ಹೇಳಬೇಕಿತ್ತು. ಮಾವನಿಗೆ ನೋವಾಗುತ್ತದೆ ಎಂದೂ ಗೊತ್ತಿತ್ತು. ಆಗಲಿ ಎಂದುಕೊಂಡೆ.

ಬಿಳಿ ಆನೆ ಬಂದು ಅಂಚಿನ ಕಾಲಾಳನ್ನು ಹೊಡೆಯಿತು. ನಾನು ತಿನ್ನಲಿಲ್ಲ. ತಿನ್ನದೆ ಏನು ಮಾಡಲಿ? ಕರಿ ಒಂಟೆಯನ್ನು ಕಾವಲಿಗೆ ತಂದರೆ ಆ ಆನೆ ಅದನ್ನೂ ನುಂಗುತ್ತದೆ, ಮತ್ತೆ ಬಾಗಿಲು ಬಟಾಬಯಲು. ಮಂತ್ರಿಯನ್ನು ಕರೆಸಲು ಹೊತ್ತಿಲ್ಲ. ಒಂದೊಂದು ದಾರಿಯಲ್ಲೂ ರಾಜ ಸಾಯುತ್ತಾನೆ. ನಾನು ಅವನನ್ನು ಎತ್ತಿ ಮತ್ತೆ ಮನೆಗೆ ಕೂರಿಸುತ್ತೇನೆ, ಮತ್ತೆ ಸಾಯುತ್ತಾನೆ. ಯಾರೋ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಲು ಬಂದರು, ನಾಳೆ ಬನ್ನಿ ಎಂದು ಕಳಿಸಿದೆ. ನನ್ನವರು ಊಟಕ್ಕೆ ಕರೆದರು, ನೀವು ಮಾಡಿ ಎಂದೆ.

ದಿನಗಟ್ಟಲೆ ಹಾಗೇ ಹೋಯಿತು. ಕತ್ತಲಲ್ಲೂ ಹಲಗೆ ಕಾಣಿಸುತ್ತಿತ್ತು. ವಿಚಿತ್ರವೆಂದರೆ, ಸಿಟ್ಟಿನಲ್ಲಿ ಶುರುಮಾಡಿದ ನನಗೆ ಆ ಕರಿ ರಾಜನ ಮೇಲೆ ಸಣ್ಣಗೆ ಅಕ್ಕರೆ ಹುಟ್ಟಿಬಿಟ್ಟಿತ್ತು. ಎಲ್ಲರೂ ಅವನು ಹೇಗೆ ಸತ್ತ ಎಂದು ಚಪ್ಪಾಳೆ ತಟ್ಟುವವರೇ. ನಾನೂ ಎಷ್ಟು ಸಲ ಅವನನ್ನು ಮಾತಿಲ್ಲದೆ ಬೀದಿಗೆ ತಳ್ಳಿದ್ದೆ!

ಹೊಳೆದದ್ದು ಒಂದು ಹಳೆಯ ಕಟ್ಟನ್ನು ಬಿಚ್ಚುತ್ತಿದ್ದಾಗ. ದೊಡ್ಡ ಬಂಗಾರದ ಬಣ್ಣದ ಕಟ್ಟು, ಮುಂದಿನಿಂದ ನೋಡಿದರೆ ಅರಮನೆಯ ಠೀವಿ. ಹಿಂದೆ ತಿರುಗಿಸಿದರೆ ಇಡೀ ಭಾರವನ್ನು ಒಂದೇ ಒಂದು ಮೊಳೆ ಹಿಡಿದುಕೊಂಡಿತ್ತು. ಈ ದಾಳಿಯ ಮೊಳೆ ಯಾವುದು ಎಂದು ನನ್ನನ್ನೇ ಕೇಳಿಕೊಂಡೆ. ಎಲ್ಲರೂ ಬಾಗಿಲಿಗೆ ಬಂದ ಆನೆಯನ್ನು ನೋಡುತ್ತಾರೆ, ನುಗ್ಗುವ ಮಂತ್ರಿಯನ್ನು ನೋಡುತ್ತಾರೆ. ದೂರದಲ್ಲಿ ಸುಮ್ಮನೆ ನಿಂತ ಆ ಬಿಳಿ ಒಂಟೆ ಇಲ್ಲದಿದ್ದರೆ ಇವರಿಬ್ಬರದೂ ಏನೂ ನಡೆಯುವುದಿಲ್ಲ. ಆ ಒಂಟೆಯ ಬೆನ್ನ ಹಿಂದೆಯೇ, ಅದೇ ಸಾಲಿನಲ್ಲಿ, ಬಿಳಿ ಮಂತ್ರಿ ನಿಂತಿದ್ದಾನೆ. ನಾನು ಕರಿ ರಾಜನ ಪಕ್ಕದಲ್ಲಿದ್ದ ಅವನದೇ ಆನೆಯನ್ನು ಮೆಲ್ಲಗೆ ಎರಡು ಮನೆ ಈಚೆಗೆ ಸರಿಸಿದೆ, ಆ ಸಾಲಿಗೆ ಎದುರಾಗಿ. ಅಷ್ಟೇ. ಈಗ ಒಂಟೆ ಅಲುಗಿದರೆ ಮಂತ್ರಿ ಸಾಯುತ್ತಾನೆ. ಮಂತ್ರಿ ನುಗ್ಗಲು ಹೊರಟರೆ ಒಂಟೆ ಸಾಯುತ್ತದೆ. ಬಿಳಿ ಆನೆ ಬಾಗಿಲಲ್ಲಿ ಪೆದ್ದನ ಹಾಗೆ ನಿಂತಿದೆ, ಕರಿ ರಾಜನಿಗೆ ಆನೆ ಬಿಟ್ಟುಹೋದ ಮನೆಯಲ್ಲಿ ತಪ್ಪಿಸಿಕೊಳ್ಳಲು ದಾರಿಯೂ ಆಯಿತು.

“ಸಿಕ್ತು!” ಎಂದು ಕಿರುಚಿಬಿಟ್ಟೆ. ನನ್ನವರು ಬೆಚ್ಚಿ ಪಟ್ಟಿಯನ್ನು ಓರೆಯಾಗಿ ಕೊಯ್ದರು.

ಸಭೆಯ ಹಿಂದಿನ ದಿನ ಡ್ರೈವರಮ್ಮ ಬಂದು, “ಅಕ್ಕ, ಆ ಕೋಲು ಹೇಗೆ ಹಿಡಿಯೋದು ಒಂಚೂರು ತೋರಿಸ್ತೀರಾ? ಕಾಯಿ ಬಿದ್ಬಿಟ್ರೆ ಮಾನ ಹೋಗುತ್ತೆ” ಎಂದಳು.

“ಅಷ್ಟುದ್ದ ಬಸ್ಸು ತಿರುಗಿಸ್ತೀಯ, ಒಂದು ಕೋಲು ತಿರುಗಿಸೋಕೆ ಬರಲ್ವಾ?” ಎಂದೆ. ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ನನಗೆ ಒಂದು ಕ್ಷಣ ಕೆಟ್ಟದೆನಿಸಿತು, ಒಂದೇ ಕ್ಷಣ.

ಸಭಾಂಗಣ ತುಂಬಿತ್ತು. ನಾನು ಹೊಸ ಸೀರೆ ಉಡಲಿಲ್ಲ. ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂತೆ, ಒಂದು ಬದಿಗೆ ನನ್ನವರು, ಇನ್ನೊಂದು ಬದಿಗೆ ಮೈದುನ. ಮೈದುನ ತನ್ನ ಹೆಂಡತಿಯ ಫೋಟೋ ತೆಗೆಯುವುದೇ ತೆಗೆಯುವುದು. ಅವಳು ಡಿಪೋದ ಅಂಗಿಯನ್ನೇ ಇಸ್ತ್ರಿ ಮಾಡಿ ಹಾಕಿಕೊಂಡಿದ್ದಳು. ಮಾವ ಅವಳ ಹೆಗಲು ಹಿಡಿದು ವೇದಿಕೆ ಹತ್ತಿದಾಗ ನಾನು ಕಂಬದ ಕಡೆ ಮುಖ ತಿರುಗಿಸಿದೆ. ಆ ಹೆಗಲು ನನ್ನದಾಗಬೇಕಿತ್ತು.

ಮಾವ ಶುರುಮಾಡಿದರು. ಅವಳು ಕೋಲಿನಲ್ಲಿ ತಡವರಿಸಿದಳು, ಒಂದು ಕಾಯಿ ಬಿದ್ದೇಬಿಟ್ಟಿತು, ಸಭೆ ನಕ್ಕಿತು, ಅವಳೂ ನಕ್ಕಳು. ಮಾವ ಒಂದು ಮನೆ ತಪ್ಪು ಹೇಳಿದರು, ಅವಳು ಮೈಕಿಗೆ ಕೇಳುವಂತೆಯೇ “ಅಲ್ಲ ಮಾವ, ಅದರ ಪಕ್ಕದ್ದು” ಎಂದಳು. ಮಾವ “ಹಾಂ, ಪಕ್ಕದ್ದು, ನೋಡಿ ನನ್ನ ಸೊಸೆ ನನ್ನ ಬಿಡಲ್ಲ” ಎಂದರು. ಮತ್ತೆ ನಗು. ಮರ್ಯಾದೆ ಹೋಗುತ್ತದೆಂದು ನಾನು ಹೆದರಿ ಹೆದರಿ ಕಾಪಾಡಿಕೊಂಡು ಬಂದದ್ದನ್ನು ಇವರಿಬ್ಬರೂ ಬೀದಿಯಲ್ಲಿ ಚೆಲ್ಲಿ ಆಡುತ್ತಿದ್ದರು, ಯಾರಿಗೂ ಏನೂ ಆಗುತ್ತಿರಲಿಲ್ಲ. ಅದನ್ನು ನೋಡುತ್ತಾ ನನಗೆ ಇನ್ನಷ್ಟು ಉರಿಯಿತು.

ಆನೆ ಬಂತು. “ತಗೊಳ್ದೆ, ಒಂಟೇನ ಕಾವಲಿಗೆ ತಂದ್ರೆ?” ಎಂದು ಡ್ರೈವರಮ್ಮ ಕೇಳಿದಳು. ಮನೆಯಲ್ಲಿ ಅವರಿಬ್ಬರೂ ತಿಕ್ಕಿ ತೀಡಿದ ಪ್ರಶ್ನೆ ಅದು. ಮಾವ, “ಅದನ್ನೂ ನುಂಗ್ತೀನಿ!” ಎಂದು ತೋರಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಮಾವ ಸಭೆಯ ಕಡೆ ತಿರುಗಿ, “ಕರಿ ರಾಜನ ಪರ ಇನ್ಯಾರಾದ್ರೂ ಇದ್ದೀರಾ?” ಎಂದರು. ಅದು ಬರೀ ಮಾತಿಗೆ ಕೇಳುವ ಪ್ರಶ್ನೆ. ಸೋತವನ ಪರ ಯಾರಾದರೂ ಇದ್ದೀರಾ ಎಂದು ಪ್ರತಿ ವರ್ಷವೂ ಕೇಳುತ್ತಿದ್ದರು, ಯಾರೂ ಏಳುತ್ತಿರಲಿಲ್ಲ.

ನಾನು ಎದ್ದೆ. “ನಾನಿದ್ದೀನಿ.”

ಅದು ನನ್ನ ದನಿಯಾಗಿರಲಿಲ್ಲ. ಸಿಟ್ಟು, ಹೆದರಿಕೆ ಎಲ್ಲ ಸೇರಿ ಯಾವುದೋ ಒರಟು ಗಂಟಲಿನಿಂದ ಬಂದಂತಿತ್ತು. ಕಂಬಗಳಿಗೆ ಬಡಿದು ಮೊಳಗಿತು. ದನಿ ಅಲ್ಲಿಂದ ಬಂತೆಂದುಕೊಂಡು ಮಾವ ಬಾಗಿಲ ಕಡೆಗೆ ಮುಖ ತಿರುಗಿಸಿದರು.

“ಹೇಳಿ ತಾಯಿ” ಎಂದರು, ಪರಿಚಯವಿಲ್ಲದವರಿಗೆ ಹೇಳುವ ಹಾಗೆ.

“ನಿಮ್ಮ ಆನೇನ ನೋಡೋದೇ ಇಲ್ಲ ನಾನು. ನನ್ನ ರಾಜನ ಪಕ್ಕದ ಆನೇನ ಎರಡು ಮನೆ ಈಚೆ ತರ್ತೀನಿ. ನಿಮ್ಮ ಒಂಟೆ ಎದುರಿಗೆ.”

ಡ್ರೈವರಮ್ಮ ನನ್ನನ್ನು ನೋಡಿದಳು, ಕಣ್ಣರಳಿಸಿದಳು, ಕೋಲೆತ್ತಿ ಕಾಯಿ ಸರಿಸಿದಳು. ಮಾವ ತಲೆ ಓರೆ ಮಾಡಿ, ಕಣ್ಣಂಚಿನಲ್ಲಿ ಆ ದೊಡ್ಡ ಹಲಗೆಯನ್ನು ಹುಡುಕಿದರು. ಬೆರಳಿನಿಂದ ಗಾಳಿಯಲ್ಲಿ ಒಂದೆರಡು ನಡೆ ಆಡಿನೋಡಿದರು.

“ಮಂತ್ರಿ ನುಗ್ತಾನೆ” ಎಂದರು.

“ನುಗ್ಲಿ. ಒಂಟೆ ಸತ್ತೋಯ್ತು.”

“ಒಂಟೇನ ತೆಗೆದು ಪಕ್ಕಕ್ಕೆ...”

“ಮಂತ್ರಿ ಸತ್ತ.”

“ಆನೆ ಇನ್ನೊಂದು ಮನೆ ಒಳಗೆ!”

“ಬನ್ನಿ, ಬನ್ನಿ. ನನ್ನ ರಾಜ ಆ ಕಡೆ ಬಾಗಿಲಿಂದ ಹೊರಗೆ ಹೋದ. ಅಲ್ಲಿ ಯಾರಿದ್ದಾರೆ ಹಿಡಿಯೋಕೆ?”

ಯಾರೋ ಸೀಟಿ ಹೊಡೆದರು. ಮಾವ ಕುರ್ಚಿಯಿಂದ ಎದ್ದು ನಿಂತರು. ಅರ್ಧ ಅಲ್ಲ, ಪೂರ್ತಿ. ಕೆನ್ನೆ ಕೆಂಪಾಗಿತ್ತು. ನೋವಾಗುತ್ತದೆ ಎಂದುಕೊಂಡಿದ್ದೆನಲ್ಲ, ನೋವಿನ ಸುಳಿವೇ ಇರಲಿಲ್ಲ. ಆ ಮುಖದಲ್ಲಿ ಇದ್ದದ್ದು, ಡ್ರೈವರಮ್ಮ ಬೂಟು ಬಿಚ್ಚುತ್ತಾ ಕೇಳಿದಾಗ ಇದ್ದ ಬೆಳಕಿಗಿಂತ ಹತ್ತು ಪಟ್ಟು. ಇಪ್ಪತ್ತು ವರ್ಷ ಚಿಕ್ಕವರಾದಂತೆ ಕಂಡರು. ಒಂದೊಂದೇ ನಡೆ ಎಸೆದರು, ನಾನು ಒಂದೊಂದಕ್ಕೂ ಎದುರು ಕೊಟ್ಟೆ. ಕೊನೆಗೆ ಮಾವ ಮೈಕನ್ನು ಕೆಳಗಿಳಿಸಿ ನಗತೊಡಗಿದರು.

“ಗೆಲ್ಲಲ್ಲ” ಎಂದರು. “ಅಯ್ಯೋ, ಇದು ಗೆಲ್ಲಲ್ಲ! ಯಾರಮ್ಮ ನೀನು? ಎಲ್ಲಿಂದ ಬಂದೆ? ದಿನಾ ನಮ್ಮ ಮನೆಗೆ ಬಾ ತಾಯಿ, ನನ್ನ ಜೊತೆ ಕೂತ್ಕೋ. ಇಂಥ ಒಬ್ಬರು ಸಿಗ್ಲಿ ಅಂತ ಕಾದೂ ಕಾದೂ ನಂಗೆ ಕಣ್ಣೇ ಹೋಯ್ತು.”

ಗೆದ್ದಿದ್ದೆ, ಅದೂ ತುಂಬಿದ ಸಭೆಯಲ್ಲಿ, ನಾನು ಬಯಸಿದ ಹಾಗೆಯೇ. ಆದರೂ ಆ ಕ್ಷಣದಲ್ಲಿ ನನ್ನ ಹೊಟ್ಟೆಯಲ್ಲಿ ಎದ್ದ ಕಿಚ್ಚು ಡ್ರೈವರಮ್ಮನ ಮೇಲಿನದಲ್ಲ. ಮಾವ ಇಷ್ಟು ಪ್ರೀತಿಯಿಂದ ಕರೆಯುತ್ತಿದ್ದ ಆ ಯಾರೋ ಹೆಂಗಸಿನ ಮೇಲೆ. ಮನೆಗೆ ಬಾ ಎನ್ನಿಸಿಕೊಂಡವಳು ಅವಳು. ನಾನಂತೂ ಆ ಮನೆಯಲ್ಲೇ ಇದ್ದೆ, ಬೆಳಿಗ್ಗೆ ಇವರ ಕಣ್ಣಿಗೆ ಔಷಧ ಹಾಕಿ ಬಂದಿದ್ದೆ.

“ಮಾವ, ಅದು ನಮ್ಮ ಅಕ್ಕ” ಎಂದಳು ಡ್ರೈವರಮ್ಮ ಮೈಕಿನಲ್ಲಿ.

ಮಾವನ ನಗು ನಿಂತಿತು. ಅವರು ನಾನಿದ್ದ ಕಡೆಗೆ ನೋಡಿದರು, ಅಂದರೆ ಕಂಬದ ಕಡೆಗೆ. “ನಮ್ಮವಳಾ?” ಎಂದರು. ಆಮೇಲೆ ತುಂಬ ಮೆಲ್ಲಗೆ, ಮೈಕು ಹಿಡಿದಿದ್ದರಿಂದ ಎಲ್ಲರಿಗೂ ಕೇಳುವಂತೆ, “ಇಷ್ಟು ವರ್ಷ ಎಲ್ಲಿದ್ದೆ ನೀನು?” ಎಂದರು.

ಜನ ಹೋ ಎಂದು ನಕ್ಕರು. ಮಾವ ನಗಲಿಲ್ಲ. ನಾನೂ ನಗಲಿಲ್ಲ.

ಡ್ರೈವರಮ್ಮ ವೇದಿಕೆಯ ಅಂಚಿಗೆ ಬಂದು ನನ್ನ ಕಡೆಗೆ ಕೋಲು ಚಾಚಿದಳು. “ಬನ್ನಿ ಅಕ್ಕ, ನೀವೇ ಬನ್ನಿ.” ಮೈದುನ, ನನ್ನವರು ಇಬ್ಬರೂ ನನಗೆ ದಾರಿ ಬಿಡಲು ಕಾಲು ಮಡಚಿಕೊಂಡರು. ಆ ಕೋಲಿಗಾಗಿ ನಾನು ಎಷ್ಟು ಉರಿದಿದ್ದೆ ಎಂದು ಆ ಮೂವರಿಗೂ ಗೊತ್ತಿತ್ತು.

“ನೀನೇ ಹಿಡ್ಕೋ” ಎಂದೆ. “ನಾನು ಇಲ್ಲೇ ನಿಂತಿರ್ತೀನಿ. ಅಲ್ಲಿ ಬಂದ್ರೆ ಮತ್ತೆ ಅವರ ಪರ ಆಗ್ಬಿಡ್ತೀನಿ.”

ಮಾವ ಕುರ್ಚಿಯನ್ನು ತಡವಿ ಕೂತರು, ಮೈಕನ್ನು ಬಾಯಿಯ ಹತ್ತಿರ ತಂದರು. “ಕಾಯಿಗಳನ್ನೆಲ್ಲ ವಾಪಸ್ ಇಡಮ್ಮ” ಎಂದು ಚಿಕ್ಕ ಸೊಸೆಗೆ ಹೇಳಿದರು. “ಆನೆ ಕೊಡೋಕೆ ಮುಂಚೆ ಹೇಗಿತ್ತೋ ಹಾಗೆ. ಇನ್ನೊಂದು ಸಲ ನೋಡೋಣ, ಇವಳು ನನ್ನ ಹೇಗೆ ತಡೀತಾಳೆ ಅಂತ.”

“ತಡೀತೀನಿ, ನೀವು ಶುರುಮಾಡಿ” ಎಂದೆ.